ನೂಲಹಾಳ ಬಿಟ್ಟ ಗುಳಿಗೆ

ಕಾಶಿಗೆ ಹೋದವರು ಅಲ್ಲಿ ತಮಗೆ ಬಲು ಇಷ್ಟದ ಒಂದು ಹಣ್ಣನ್ನೋ ಕಾಯಿಪಲ್ಲೆಯನ್ನೋ ಬಿಟ್ಟು ಬರುತ್ತಾರೆ. ಆಮೇಲೆ ಜೀವ ಇರುವ ತನಕ ಅದನ್ನು ಬಾಯಿಗೆ ಇಡುವುದಿಲ್ಲ. ಒಬ್ಬರು ಹಾಗೆ ಬಿಟ್ಟರೆ ಅದು ಭಕ್ತಿ. ಊರಿಗೆ ಊರೇ ಬಿಟ್ಟರೆ ಏನನ್ನಬೇಕು? ಅದೂ ಹಣ್ಣಲ್ಲ, ಕಾಯಿಯಲ್ಲ, ಒಂದು ಔಷಧವನ್ನೇ ಬಿಟ್ಟರೆ? ಮಲಪ್ರಭೆಯ ದಂಡೆಯ ಮೇಲಿರುವ ನೂಲಹಾಳ ಎಂಬ ಊರು ಅಂಥದೊಂದು ನೇಮ ಹಿಡಿಯಿತು. ಶಿವನು ಕೊಟ್ಟ ನಾಲಿಗೆ ಎಡವದೆ ಇದ್ದರೆ ಆ ಮಾತನ್ನು ಈಗ ಹೇಳುತ್ತೇನೆ.

ನೂಲಹಾಳದಲ್ಲಿ ಮನೆಮನೆಗೂ ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಹೆಣ್ಣುಮಕ್ಕಳು ಬೆಳಿಗ್ಗೆ ಕೂತರೆ ಸೂರ್ಯ ಇಳಿಯುವ ತನಕ ಏಳುತ್ತಿರಲಿಲ್ಲ. ಎದ್ದರೆ ಕೈಯ ಲಯ ತಪ್ಪುತ್ತದೆ, ಸೆರಗಿನ ನೇಯ್ಗೆ ಒಂದೇ ಸಮ ಬರುವುದಿಲ್ಲ ಎಂಬ ಹಟ. ಏಳಬಾರದೆಂದರೆ ನೀರು ಕುಡಿಯಬಾರದು. ನೀರು ಕುಡಿಯದಿದ್ದರೆ ಮೂತ್ರ ಹರಿಯುವುದಿಲ್ಲ. ನಮ್ಮ ಹೊಟ್ಟೆಯೊಳಗೆ ಯಾರಿಗೂ ತೊಂದರೆ ಕೊಡದೆ ಬದುಕಿಕೊಂಡಿರುವ ಇ. ಕೊಲೈ ಎಂಬ ಬ್ಯಾಕ್ಟೀರಿಯಾಕ್ಕೆ ಇಷ್ಟು ಸಾಕು. ಹರಿವು ನಿಂತ ದಾರಿಯಲ್ಲಿ ಅದು ಮೆಲ್ಲಗೆ ಮೇಲಕ್ಕೆ ಹತ್ತಿ ಮೂತ್ರಕೋಶದಲ್ಲಿ ಬೀಡು ಬಿಡುತ್ತದೆ. ಆಗ ಉರಿ, ಚಳಿ, ಕಿಬ್ಬೊಟ್ಟೆಯ ನೋವು. ಇನ್ನೂ ಮೇಲೆ ಹತ್ತಿತೆಂದರೆ ಕಿಡ್ನಿ.

ಉರಿಮೂತ್ರಕ್ಕೆ ಒಂದು ಹಳದಿ ಗುಳಿಗೆ ಇತ್ತು, ರಾಮಬಾಣದಂಥದ್ದು. ಡಾಕ್ಟರು ಕೊಟ್ಟ ಪಟ್ಟಿಯಲ್ಲಿ ನಾಲ್ಕು ನುಂಗುವಷ್ಟರಲ್ಲಿ ಉರಿ ನಿಲ್ಲುತ್ತಿತ್ತು. ಉಳಿದದ್ದನ್ನು ಹೆಂಗಸರು ಎತ್ತಿಡುತ್ತಿದ್ದರು. ಪಕ್ಕದ ಮನೆಯವಳು ಸೊಂಟ ಹಿಡಿದುಕೊಂಡು ಬಂದರೆ, "ನನ್ನ ಕಡೆ ಮೂರು ಉಳದಾವ, ತಗೋಬೇ," ಎಂದು ಕೊಡುತ್ತಿದ್ದರು. ಮೊಸರಿಗೆ ಹೆಪ್ಪು ಹೇಗೆ ಮನೆಯಿಂದ ಮನೆಗೆ ಹೋಗುತ್ತದೋ ಹಾಗೆ ಗುಳಿಗೆಯೂ ಹೋಯಿತು. ಅರೆಪೆಟ್ಟು ತಿಂದ ಬ್ಯಾಕ್ಟೀರಿಯಾ ಸಾಯಲಿಲ್ಲ, ಕಲಿಯಿತು. ಗುಳಿಗೆಯನ್ನು ಎದುರಿಸುವ ವಿದ್ಯೆಯನ್ನು ಒಂದು ಸಣ್ಣ ಹೊರೆಯ ಹಾಗೆ ಬೆನ್ನಿಗೆ ಕಟ್ಟಿಕೊಂಡಿತು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಅದು ಕೂದಲಿಗಿಂತ ಸಣ್ಣದೊಂದು ಹಗ್ಗ ಎಸೆದು, ಆ ಹೊರೆಯ ಪಡಿಯಚ್ಚನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೂ ದಾಟಿಸಿತು. ಒಂದು ವರ್ಷ ಬಂತು, ಹಳದಿ ಗುಳಿಗೆ ನೂಲಹಾಳದಲ್ಲಿ ಸುಣ್ಣದ ಬಿಲ್ಲೆಯಾಯಿತು. ಆ ವರ್ಷವೇ ಬಾಳವ್ವನ ಮಗಳು ನೀಲವ್ವ, ಏಳು ತಿಂಗಳ ಬಸುರಿ, ಕಿಡ್ನಿಗೆ ಏರಿದ ಸೋಂಕಿನಲ್ಲಿ ತೀರಿಕೊಂಡಳು.

ಬಾಳವ್ವನ ಸೊಸೆ ನಾಗವೇಣಿ ಆಗ ಸೂಕ್ಷ್ಮಜೀವಿಗಳ ಶಾಸ್ತ್ರ ಓದಿ ಬಂದ ಹೊಸ ಮದುವೆಯ ಹುಡುಗಿ. ಮಠದ ಅಂಗಳದಲ್ಲಿ ದೈವ, ಅಂದರೆ ಊರ ಕೂಟ, ಸೇರಿದಾಗ ಅವಳು ಎದ್ದು ನಿಂತು ಹೇಳಿದಳು: "ಈ ಹೊರಿ ಹೊರೋದು ಬ್ಯಾಕ್ಟೀರಿಯಾಕ್ಕೂ ಸುಮ್ಮನ ಅಲ್ರಿ. ಗುಳಗಿ ಇದ್ದಾಗ ಹೊರಿ ಹೊತ್ತದ್ದು ಉಳೀತದ. ಗುಳಗಿನ ಇಲ್ಲಂದ್ರ, ಹೊರಿ ಇಲ್ಲದ್ದು ಮುಂದ ಓಡ್ತದ, ಹೊತ್ತದ್ದು ಹಿಂದ ಬೀಳ್ತದ. ಹೊಲಾ ಬೀಳು ಬಿಡ್ತೀವಲ್ಲ, ಹಂಗ ಔಷಧಾನೂ ಬೀಳು ಬಿಡಬೇಕು."

ಜನ ಆಕಳಿಸಿದರು. ಮಗಳು ಹೋಗಿ ಇನ್ನೂ ತಿಂಗಳಾಗದ ಬಾಳವ್ವ ಕಂಬಕ್ಕೆ ಆನಿಕೊಂಡು ಕೂತಿದ್ದಳು. ತಲೆ ಎತ್ತದೆ ಕೇಳಿದಳು, "ಅಂದ್ರ, ನೇಮ ಹಿಡೀಬೇಕು ಅನ್ನು."

"ಹೂನ್ರಿ ಅತ್ತಿ."

"ಎಷ್ಟು ದಿನಾ?"

"ಹನ್ನೆರಡು ವರ್ಷರ ಬೇಕಾದೀತು."

"ಒಂದು ತಪ," ಅಂದಳು ಬಾಳವ್ವ. "ನಾ ಹಿಡದೆ."

ಅಷ್ಟೇ. ಔಷಧ ಬೀಳು ಎಂದರೆ ಆಕಳಿಸಿದ ಊರು ನೇಮ ಎಂದ ಕೂಡಲೆ ಎದ್ದು ಕೂತಿತು. ಮನೆಮನೆಯ ಗುಳಿಗೆ ಮಠದ ಕಂಬಳಿಯ ಮೇಲೆ ರಾಶಿ ಬಿತ್ತು, ಸುಟ್ಟು ಬೂದಿಯಾಯಿತು. ತಾಲೂಕಿನ ಯಾವ ಅಂಗಡಿಯಲ್ಲೂ ಹಳದಿ ಗುಳಿಗೆ ಮಾರಕೂಡದೆಂದು ಸರಕಾರದ ಆಜ್ಞೆಯೂ ಬಂತು. ಕಾಯಿಲೆ ಬಿದ್ದವರಿಗೆ ಪರೀಕ್ಷೆ ಮಾಡಿ ಬೇರೆ ಔಷಧ, ಜೋರಾದರೆ ಇಂಜೆಕ್ಷನ್. ಇನ್ನೊಂದು ಕಟ್ಟಳೆ ಹುಟ್ಟಿತು. ಮಠದ ಗಂಟೆ ಹೊತ್ತು ಹೊತ್ತಿಗೆ ಬಾರಿಸುತ್ತದೆ. ಬಾರಿಸಿದ ಕೂಡಲೆ ಪ್ರತಿ ಹೆಣ್ಣುಮಗಳೂ ಮಗ್ಗದಿಂದ ಎದ್ದು, ಒಂದು ತಂಬಿಗೆ ನೀರು ಕುಡಿದು, ಬಚ್ಚಲಿಗೆ ಹೋಗಿ ಬರಬೇಕು. ಸೆರಗಿನ ಹಟ ಗಂಟೆಯ ಮುಂದೆ ಸೋತಿತು.

ಊರ ಗಟಾರಗಳೆಲ್ಲ ಕೂಡುವ ಜಾಗದಲ್ಲಿ ಒಂದು ಕೇಂದ್ರ ಎದ್ದಿತು. ಸರಕಾರ ಅದಕ್ಕೆ ಉದ್ದದೊಂದು ಹೆಸರು ಕೊಟ್ಟಿತು. ಊರು ಅದನ್ನು ಗಟಾರಮಠ ಎಂದು ಕರೆಯಿತು. ಓಣಿ ಓಣಿಯ ಗಟಾರದೊಳಗೆ ಕೂರಿಸಿದ ಸೋಸುಗಣ್ಣು ಎಂಬ ಯಂತ್ರ, ಹರಿದುಹೋಗುವ ಬ್ಯಾಕ್ಟೀರಿಯಾದಲ್ಲಿ ನೂರಕ್ಕೆ ಎಷ್ಟು ಹೊರೆ ಹೊತ್ತಿವೆ ಎಂದು ಎಣಿಸಿ ಹೇಳುತ್ತದೆ. ಮೊದಲು ನೂರಕ್ಕೆ ತೊಂಬತ್ತು ಇತ್ತು. ಬರೀ ಬೀಳು ಬಿಟ್ಟರೆ ಅದು ಇಳಿಯುವುದು ನಿಧಾನ, ಯಾಕೆಂದರೆ ಕೆಲವು ಬ್ಯಾಕ್ಟೀರಿಯಾ ಹೊರೆಯನ್ನು ಹಗುರವಾಗಿ ಹೊರುವುದನ್ನೂ ಕಲಿತಿದ್ದವು. ಅದಕ್ಕೆ ನಾಗವೇಣಿ ಇನ್ನೊಂದು ಉಪಾಯ ಹೂಡಿದಳು. ಬ್ಯಾಕ್ಟೀರಿಯಾವನ್ನೇ ಬೇಟೆಯಾಡುವ ವೈರಸ್‌ಗಳುಂಟು. ಅವುಗಳಲ್ಲಿ ಒಂದು ಜಾತಿ, ಹೊರೆ ದಾಟಿಸುವ ಆ ಹಗ್ಗವನ್ನೇ ಹಿಡಿದು ಹತ್ತಿ ಒಳಗೆ ನುಗ್ಗಿ ಕೊಲ್ಲುತ್ತದೆ. ಹಗ್ಗ ಇಲ್ಲದ ಬ್ಯಾಕ್ಟೀರಿಯಾದ ತಂಟೆಗೆ ಹೋಗುವುದಿಲ್ಲ. ಆ ವೈರಸ್ಸನ್ನು ಅದೇ ಗಟಾರದಲ್ಲಿ ಹುಡುಕಿ, ಸೋಸಿ, ಬೆಳೆಸಿ ಗಟಾರಕ್ಕೂ ಬಿಟ್ಟಳು, ಸೋಮವಾರಕ್ಕೊಮ್ಮೆ ಮನೆಮನೆಯ ಕುಡಿಯುವ ನೀರಿನ ಕೊಡಕ್ಕೂ ಒಂದು ಹನಿ ಹಾಕಿಸಿದಳು. ಹೆಂಗಸರು ಅದಕ್ಕೆ ಗಟಾರಮಠದ ತೀರ್ಥ ಎಂದರು. ನಕ್ಕರು, ಕಣ್ಣಿಗೊತ್ತಿಕೊಂಡು ಕುಡಿದರು.

ಹೀಗೆ ಹನ್ನೊಂದು ವರ್ಷ ಕಳೆದು ಹನ್ನೆರಡನೆಯದು ನಡೆಯುತ್ತಿತ್ತು. ನೂರಕ್ಕೆ ತೊಂಬತ್ತಿದ್ದದ್ದು ಮೂರಕ್ಕೆ ಇಳಿದಿತ್ತು. ಎರಡಕ್ಕಿಂತ ಕೆಳಗೆ ಬಂದರೆ ನೇಮ ಪೂರೈಸಿದಂತೆ, ಸರಕಾರ ಮೊಹರು ಹಾಕಿ ಡಾಕ್ಟರ ಕೈಗೆ ಕೊಟ್ಟ ಹೊಸ ಗುಳಿಗೆಯ ಪೆಟ್ಟಿಗೆ ತೆರೆಯಬಹುದು.

ತೆರೆಯಲೇಬೇಕಾದ ತುರ್ತು ನಾಗವೇಣಿಯ ಮನೆಯೊಳಗೇ ಇತ್ತು. ಬಾಳವ್ವನಿಗೆ ಸೋಂಕು ಮೇಲಿಂದ ಮೇಲೆ ಮರುಕಳಿಸುತ್ತಿತ್ತು. ಹೋದ ಸಲ ಡಾಕ್ಟರ್ ಹೊಸಮನಿ ಅವಳನ್ನು ಬದುಕಿಸಿ ಕಳಿಸುವಾಗ ನಾಗವೇಣಿಯನ್ನು ಬದಿಗೆ ಕರೆದು ಹೇಳಿದ್ದರು. "ಇದ ಕಡೀ ಇಂಜೆಕ್ಷನ್ನು, ಇನ್ನ ಯಾವ ಔಷಧಾನೂ ಈಕಿಗೆ ನಾಟೂದಿಲ್ಲ. ಮುಂದಿನ ಸಲ ಬಂದ್ರ ನನ್ನ ಕೈಯಾಗ ಏನೂ ಇಲ್ಲ. ಹಳದಿ ಗುಳಗಿ ನಾಟಿದ್ರ ಉಂಟು, ಇಲ್ಲಂದ್ರ ಶಿವಾ ಅನ್ನಬೇಕು."

ಗುಳಿಗೆ ನಾಟಬೇಕಾದರೆ ಅತ್ತೆಯ ಮೈಯಲ್ಲಿರುವ ಬ್ಯಾಕ್ಟೀರಿಯಾ ಹೊರೆ ಇಳಿಸಿರಬೇಕು. ಅದಕ್ಕೆ ಊರ ಬ್ಯಾಕ್ಟೀರಿಯಾ ಹೊರೆ ಇಳಿಸಿರಬೇಕು, ಯಾಕೆಂದರೆ ಒಬ್ಬರ ಹೊಟ್ಟೆ ಊರ ಹೊಟ್ಟೆಯಿಂದ ಬೇರೆಯಲ್ಲ. ಒಂದೇ ಹೊಳೆಯ ನೀರು, ಒಂದೇ ಸಂತೆಯ ಕಾಯಿಪಲ್ಲೆ.

ಶ್ರಾವಣದ ಒಂದು ಬೆಳಿಗ್ಗೆ ಗಟಾರಮಠದಿಂದ ಖಾಜಾಸಾಬ ಫೋನು ಮಾಡಿದ. ಯಂತ್ರಗಳೆಲ್ಲ ಅವನ ಕೈಯಲ್ಲಿ, ಹುಟ್ಟಾ ನೂಲಹಾಳದವನು.

"ಅಕ್ಕಾರ, ಲಗೂನ ಬರ್ರಿ. ನೇಕಾರ ಓಣಿ ಕಣ್ಣು ಕೆಂಪಗಾಗೇತಿ."

ನಾಗವೇಣಿ ಹೋಗಿ ಪರದೆ ನೋಡಿದಳು. ನೇಕಾರ ಓಣಿಯಲ್ಲಿ ನೂರಕ್ಕೆ ಹನ್ನೊಂದು. ಉಳಿದ ಓಣಿಗಳು ಶಾಂತವಾಗಿದ್ದವು.

"ಯಂತ್ರ ಕೆಟ್ಟಿರಬೇಕು," ಅಂದಳು.

"ಮೂರು ಸಲ ತೊಳದು ನೋಡೀನಿ. ಯಂತ್ರ ಕೆಡಲಿಲ್ಲ. ಯಾರೋ ಕೆಟ್ಟಾರ." ಖಾಜಾಸಾಬ ಅವಳ ಮುಖ ನೋಡಲಿಲ್ಲ. "ಆ ಓಣ್ಯಾಗ ಯಾರೋ ಹಳದಿ ಗುಳಗಿ ತಿನ್ನಾಕತ್ತಾರ."

ಅವನು ಯಾಕೆ ಮುಖ ನೋಡಲಿಲ್ಲವೆಂದು ಅವಳಿಗೆ ಗೊತ್ತಾಯಿತು. ನೇಕಾರ ಓಣಿಯಲ್ಲಿ ಗುಳಿಗೆಗಾಗಿ ಜೀವ ಹಿಡಿದುಕೊಂಡಿದ್ದ ರೋಗಿ ಒಬ್ಬಳೇ. ಅದು ಅವಳ ಅತ್ತೆ.

ಮಾತು ಗಟಾರದ ನೀರಿಗಿಂತ ಜೋರಾಗಿ ಹರಿಯಿತು. ಮಧ್ಯಾಹ್ನ ನಾಗವೇಣಿ ಮನೆಗೆ ಬರುವಷ್ಟರಲ್ಲಿ ಎದುರುಮನೆಯ ಫಕೀರವ್ವ ಕಟ್ಟೆಯ ಮೇಲೆ ರಾಟೆ ತಿರುಗಿಸುತ್ತ, ಗಾಳಿಗೆ ಹೇಳಿದ ಹಾಗೆ ಹೇಳುತ್ತಿದ್ದಳು. "ಊರಿಗೆಲ್ಲಾ ಉಪಾಸ, ಪೂಜಾರಿ ಮನ್ಯಾಗ ಹೋಳಿಗಿ. ನಮ್ಮ ಉರಿ ನಾವು ನುಂಗಿಕೊಂಡ್ವಿ. ದೊಡ್ಡೋರ ಮನಿ ಮಾತೇ ಬ್ಯಾರೆ ಬಿಡವಾ."

"ಫಕೀರಕ್ಕ, ಹೇಳೂದಿದ್ರ ನನ್ನ ಮುಖಕ್ಕ ಹೇಳು."

"ಮುಖಕ್ಕ ಹೇಳಾಕ ನಾನೇನು ಓದೀನೇನು?"

ಗಂಡ ಶಿವಪುತ್ರ ಹಿತ್ತಲಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದ. ಮೊಣಕೈ ತನಕ ಕೆಂಪು. ನಾಗವೇಣಿ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು, "ಏನ್ರಿ, ನಿಮ್ಮಾಣಿ ಖರೇ ಹೇಳ್ರಿ. ಅತ್ತಿಗೆ ಎಲ್ಲಿಂದರ ಗುಳಗಿ ತಂದು ಕೊಟ್ಟೀರೇನು?"

ಅವನು ಕಡ್ಡಿ ಆಡಿಸುವುದನ್ನು ನಿಲ್ಲಿಸಿದ. "ತರಬೇಕಂತ ಎಷ್ಟೋ ಸಲ ಅನ್ನಿಸೇತಿ," ಅಂದ. "ನಮ್ಮವ್ವಗ ಗೊತ್ತಾದ್ರ ಉಗುಳ್ತಿದ್ಲು. ಅದಕ್ಕ ತರಲಿಲ್ಲ."

ನಂಬಬೇಕೆಂದು ಅವಳ ಮನಸ್ಸು ಹೇಳಿತು. ಆದರೆ ಅವಳ ಕಸುಬು ಮನಸ್ಸಿನ ಮಾತು ಕೇಳುವುದಲ್ಲ. ಗಟಾರಮಠಕ್ಕೆ ವಾಪಸು ಹೋದಳು. ಸೋಸುಗಣ್ಣು ಬ್ಯಾಕ್ಟೀರಿಯಾವನ್ನು ಎಣಿಸುತ್ತದೆ ಅಷ್ಟೆ, ನೀರಿನಲ್ಲಿ ಔಷಧ ಇದೆಯೇ ಎಂದು ನೋಡುವುದಿಲ್ಲ. ಅದಕ್ಕೆ ಬೇರೆ ಯಂತ್ರ ಉಂಟು, ನಿಧಾನದ್ದು. ನೇಕಾರ ಓಣಿಯ ನೀರನ್ನು ಅದಕ್ಕೆ ಊಡಿಸಿ, ಕೈಕಟ್ಟಿ ಕೂತಳು. ಖಾಜಾಸಾಬ ಚಹಾ ತಂದಿಟ್ಟ, ಇಬ್ಬರೂ ಕುಡಿಯಲಿಲ್ಲ.

ಯಂತ್ರ ಗೆರೆ ಬರೆಯತೊಡಗಿತು. ಹಳದಿ ಗುಳಿಗೆಯ ಗೆರೆ ಕೋಲಿನಂತೆ ಎದ್ದು ನಿಂತಿತು.

"ತಿಂದಾರ," ಅಂದ ಖಾಜಾಸಾಬ.

"ತಡಿ ತಮ್ಮಾ. ಇನ್ನೊಂದು ಗೆರಿ ಎಲ್ಲೈತಿ?"

ಹೊಟ್ಟೆಗೆ ಹೋದ ಗುಳಿಗೆ ಹೋದ ಹಾಗೇ ಹೊರಗೆ ಬರುವುದಿಲ್ಲ. ಯಕೃತ್ತು ಅದನ್ನು ಅಷ್ಟಿಷ್ಟು ಮುರಿದು, ತನ್ನ ಗುರುತು ಹಾಕಿ ಕಳಿಸುತ್ತದೆ. ತಿಂದವರಿದ್ದರೆ ಮುರಿದ ಚೂರಿನದೊಂದು ಗೆರೆ ಪಕ್ಕದಲ್ಲೇ ಏಳಬೇಕು. ಅಲ್ಲಿ ಬಯಲು. ನಾಗವೇಣಿ ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡಿದಳು. ಚೂರಿನ ಸುಳಿವೇ ಇಲ್ಲ.

"ಇದು ಯಾರ ಹೊಟ್ಟೀನೂ ಹೊಕ್ಕಿಲ್ಲೋ ಖಾಜಾ," ಅಂದಳು. "ಇಡೀ ಗುಳಗಿ ಸೀದಾ ನೀರಿಗೆ ಬಿದ್ದೈತಿ. ತಿಂದವರು ಯಾರೂ ಇಲ್ಲ."

"ತಿನ್ನಲಾರದ ನೀರಿಗೆ ಯಾಕ ಹಾಕ್ತಾರ?"

ಅವಳಿಗೂ ಗೊತ್ತಿರಲಿಲ್ಲ. ಹೊತ್ತು ಇಳಿದಿತ್ತು. ಮನೆಗೆ ಬಂದರೆ ಬಾಳವ್ವ ಮಿಂದು, ಮಡಿ ಸೀರೆ ಉಟ್ಟು, ವಿಭೂತಿ ಧರಿಸಿ ದೇವರ ಜಗಲಿಯ ಮುಂದೆ ಕೂತಿದ್ದಳು. ಕೈಯಲ್ಲಿ ಅರಿಷಿಣದ ಅರಿವೆಯದೊಂದು ಸಣ್ಣ ಗಂಟು. ಮುಂದೆ ತುಂಬಿದ ತಂಬಿಗೆ.

"ಏನದು ಅತ್ತಿ?"

"ಮುಡಿಪು," ಅಂದಳು ಬಾಳವ್ವ ಸಹಜವಾಗಿ.

ಹರಕೆ ಹೊತ್ತವರು ಒಂದು ರೂಪಾಯಿಯನ್ನೋ ಅಡಿಕೆಯನ್ನೋ ಅರಿಷಿಣದ ಅರಿವೆಯಲ್ಲಿ ಕಟ್ಟಿ ದೇವರ ಮುಂದೆ ಇಡುತ್ತಾರೆ. ಹರಕೆ ತೀರುವ ತನಕ ಅದು ಅಲ್ಲಿರಬೇಕು. ತೀರಿದ ಮೇಲೆ ಬಿಚ್ಚಿ ಗಂಗೆಗೆ ಬಿಡಬೇಕು. ಇದು ನಾಗವೇಣಿಗೆ ಗೊತ್ತಿದ್ದದ್ದೇ. ಆದರೆ ಬಾಳವ್ವ ಗಂಟು ಬಿಚ್ಚಿದಾಗ ಒಳಗೆ ರೂಪಾಯಿ ಇರಲಿಲ್ಲ. ಹಳದಿ ಗುಳಿಗೆಯ ಒಂದು ಪಟ್ಟಿ ಇತ್ತು. ಬಣ್ಣ ಮಾಸಿತ್ತು, ಒಂದು ಗುಳಿಗೆಯೂ ಒಡೆದಿರಲಿಲ್ಲ.

"ಯವ್ವಾ! ಎಲ್ಲಾ ಸುಟ್ಟಿದ್ವಲ್ಲರಿ ಅವತ್ತು!"

"ಎಲ್ಲಾ ಸುಟ್ರ ನೇಮಕ್ಕ ಮುಡಿಪು ಬ್ಯಾಡೇನು? ಏನು ಬಿಟ್ಟೀವೋ ಅದನ್ನ ದೇವರ ಮುಂದ ಇಡಬೇಕಲ್ಲ. ಎಲ್ಲಾರೂ ಒಂದೊಂದು ಪಟ್ಟಿ ಕಟ್ಟಿ ಇಟ್ಟೀವಿ. ಮೂರಕ್ಕ ಇಳದೈತಿ, ನೇಮ ತೀರೇ ಬಿಡ್ತು ಅಂತ ಸುದ್ದಿ ಬಂತು. ಶ್ರಾವಣ ಚಲೋ ತಿಂಗಳು ಅಂತ ಹೋದ ಸೋಮವಾರದಿಂದ ನಮ್ಮ ಓಣ್ಯಾಗಿನ ನಾಕೈದು ಮಂದಿ ಬಿಡಾಕತ್ತಾರ."

"ಎಲ್ಲಿ ಬಿಡಾಕತ್ತಾರ?"

"ಹೊಳಿಗೆ ಹೋಗಾಕ ಮೊಣಕಾಲು ಬರಬೇಕಲ್ಲವಾ? ತಂಬಿಗ್ಯಾಗ ಕರಗಿಸಿ ಬಚ್ಚಲಕ್ಕ ಬಿಡ್ತಾರ. ಗಂಗಿ ಎಲ್ಲಿದ್ರೂ ಗಂಗೀನ."

ನಾಗವೇಣಿ ಜಗಲಿಯ ಕಟ್ಟೆ ಹಿಡಿದು ಕೆಳಗೆ ಕೂತಳು. ಹೋದ ಸಲ ಅತ್ತೆ ಚಳಿಗೆ ಹಲ್ಲು ಕಡಿಯುತ್ತ ಇದೇ ಕೋಣೆಯಲ್ಲಿ, ಇದೇ ಜಗಲಿಯ ಕೆಳಗೆ ಮಲಗಿದ್ದಳು. ಕೈ ಚಾಚಿದ್ದರೆ ಸಿಗುತ್ತಿತ್ತು. ಫಕೀರವ್ವ ಉರಿ ತಾಳಲಾರದೆ ಗೋಡೆಗೆ ತಲೆ ಚಚ್ಚಿಕೊಂಡದ್ದನ್ನು ಅವಳು ನೋಡಿದ್ದಳು. ಆ ಮನೆಯಲ್ಲೂ ಕೈಗೆಟುಕುವಲ್ಲಿ ಒಂದು ಪಟ್ಟಿ ಇತ್ತು.

"ಅತ್ತಿ, ಇಷ್ಟು ವರ್ಷ ಮುಂದ ಇಟ್ಕೊಂಡು ನೀವ್ಯಾರೂ ಒಂದೂ ತಿನ್ನಲಿಲ್ಲ?"

ಬಾಳವ್ವನಿಗೆ ಆ ಪ್ರಶ್ನೆಯೇ ತಿಳಿಯಲಿಲ್ಲ. ಸೊಸೆಯ ಮುಖವನ್ನು ವಿಚಿತ್ರವಾಗಿ ನೋಡಿದಳು.

"ಮುಡಿಪು ಯಾರರ ತಿಂತಾರೇನ, ನಾಗೂ?"

ನಾಗವೇಣಿಗೆ ಅಳು ಬಂತು, ಅಳುವಿನ ನಡುವೆ ನಗೆಯೂ ಬಂತು. ತಂಬಿಗೆಯನ್ನು ಮೆಲ್ಲಗೆ ಬದಿಗೆ ಸರಿಸಿ, ಅತ್ತೆಯ ಕೈ ಹಿಡಿದು, ನೀರಿಗೆ ಬಿದ್ದ ಗುಳಿಗೆ ಗಟಾರದಲ್ಲಿ ಏನು ಮಾಡುತ್ತದೆಂದು ಹೇಳಿದಳು. ಹೊರೆ ಇಳಿಸಿದ ಬ್ಯಾಕ್ಟೀರಿಯಾವೆಲ್ಲ ಅದರಿಂದ ಸಾಯುತ್ತವೆ; ಹೊತ್ತವು ಮತ್ತೆ ಹಬ್ಬುತ್ತವೆ. ಹನ್ನೆರಡು ವರ್ಷದ ತಪಸ್ಸು ಬಚ್ಚಲಲ್ಲಿ ಕರಗುತ್ತದೆ.

ಬಾಳವ್ವ ತಂಬಿಗೆಯನ್ನು ಇನ್ನೂ ದೂರ ಸರಿಸಿದಳು. "ಹಂಗಾದ್ರ ಮುಡಿಪು ಹೆಂಗ ಬಿಡೂದು? ಕಟ್ಟಿದ್ದನ್ನ ಬಿಡಲಾರದ ಇರಾಕ ಬರೂದಿಲ್ಲ."

ಬಿಡಬೇಡಿ ಎಂದು ಹೇಳಿದರೆ ಒಬ್ಬರೂ ಕೇಳುವುದಿಲ್ಲವೆಂದು ನಾಗವೇಣಿ ಬಲ್ಲಳು. ಹೇಳುವುದೂ ಸರಿಯಲ್ಲ ಅನ್ನಿಸಿತು. ಊರನ್ನು ಕಾದದ್ದು ಅದೇ ಗಂಟು. ಗಟಾರಮಠದ ಹಿಂದೆ, ಪರೀಕ್ಷೆಯ ಕಸ ಸುಡುವ ಬಿಸಿಗೂಡು ನೆನಪಾಯಿತು. ಅದರ ಉರಿಯಲ್ಲಿ ಯಾವ ಔಷಧವೂ ಉಳಿಯುವುದಿಲ್ಲ.

"ಗಂಗಿಗೆ ಬ್ಯಾಡ ಅತ್ತಿ. ಅಗ್ನಿಗೆ ಕೊಡೋಣು."

ಬಾಳವ್ವ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತಳು. ದೇವರನ್ನು ಕೇಳಿದಳೋ, ಮಗಳು ನೀಲವ್ವನನ್ನು ಕೇಳಿದಳೋ, ಅವಳೇ ಬಲ್ಲಳು. "ಅಗ್ನಿಗೆ ಕೊಟ್ಟದ್ದೂ ಮುಟ್ಟತೈತಿ," ಅಂದು ಗಂಟನ್ನು ಮತ್ತೆ ಕಟ್ಟಿದಳು.

ಮರುದಿನ ಮಠದ ಗಂಟೆ ಬಾರಿಸಿದಾಗ ನೂಲಹಾಳದ ಹೆಂಗಸರು ಮಗ್ಗದಿಂದ ಎದ್ದರು, ನೀರು ಕುಡಿದರು, ಆದರೆ ಮತ್ತೆ ಕೂರಲಿಲ್ಲ. ಅರಿಷಿಣದ ಗಂಟು ಹಿಡಿದು ಗಟಾರಮಠದ ದಾರಿ ಹಿಡಿದರು. ಎಲ್ಲರ ಮುಂದೆ ಬಾಳವ್ವ. ಖಾಜಾಸಾಬನ ತಾಯಿ ಹಸಿರು ಅರಿವೆಯ ಗಂಟು ಹಿಡಿದು ಬಂದಳು. ಅದು ಇಷ್ಟು ವರ್ಷ ದರ್ಗಾದ ಜಾಲರಿಯಲ್ಲಿತ್ತು. ಖಾಜಾಸಾಬ ಬಾಯಿ ತೆರೆದು ನಿಂತ. "ಅಮ್ಮೀ, ನೀನೂ?" "ಯಾಕಪ್ಪಾ, ನಾನೇನು ಊರ ಹೊರಗಿನಾಕಿನೇನು?" ಎಂದಳು ಆಕೆ.

ನಾಗವೇಣಿ ಬಿಸಿಗೂಡಿನ ಬಾಗಿಲಲ್ಲಿ ನಿಂತು ಒಂದೊಂದೇ ಗಂಟು ಬಿಚ್ಚಿ ನೋಡಿದಳು. ಅರಿವೆಗಳು ಜೀರ್ಣವಾಗಿದ್ದವು. ಒಳಗಿನ ಪಟ್ಟಿಗಳು ತುಂಬಿದ್ದವು. ಯಾವ ಪಟ್ಟಿಯಲ್ಲೂ ಗುಳಿಗೆ ಕೂರುವ ಒಂದು ಮನೆಯೂ ಖಾಲಿ ಇರಲಿಲ್ಲ. ನೋಡುತ್ತ ನೋಡುತ್ತ ಅವಳ ಬೆನ್ನು ನೆಟ್ಟಗಾಯಿತು. ಕೊನೆಗೆ ನೋಡುವುದನ್ನೇ ಬಿಟ್ಟು, ಗಂಟು ಕೊಟ್ಟವರಿಗೆಲ್ಲ ಕೈಮುಗಿದು ಉರಿಗೆ ಹಾಕತೊಡಗಿದಳು. ಯಾವ ದೇಶದ ಯಾವ ಪ್ರಯೋಗಶಾಲೆಗೂ ಇಂಥ ಸಾಕ್ಷಿ ಸಿಕ್ಕಿರಲಾರದು ಅನ್ನಿಸಿತು.

ಫಕೀರವ್ವನ ಸರದಿ ಬಂದಾಗ ಅವಳು ಗಂಟು ಕೊಡದೆ ನಿಂತಳು. "ನಾ ನಿನ್ನೆ ಏನೋ ಅಂದ್ನೆವಾ ನಾಗವೇಣಿ."

"ಗಾಳಿಗೆ ಅಂದಿದ್ದಿ ಬಿಡಕ್ಕ. ಹಾರಿಹೋತು."

"ಹಾರೂದಿಲ್ಲ ನನ್ನ ಮಾತು, ಬಾಳ ತೂಕದ್ದು," ಎಂದು ಫಕೀರವ್ವ ಗಂಟನ್ನು ತಾನೇ ಒಳಗೆ ಎಸೆದಳು. ಹೆಂಗಸರೆಲ್ಲ ನಕ್ಕರು.

ನೀರಿಗೆ ಬಿದ್ದ ಗುಳಿಗೆ ಹರಿದುಹೋಗುವ ತನಕ ವಾರಗಟ್ಟಲೆ ಕಾಯಬೇಕಾಯಿತು. ನಾಗವೇಣಿ ಹಗ್ಗ ಹತ್ತುವ ವೈರಸ್ಸನ್ನು ನೇಕಾರ ಓಣಿಗೆ ಕೊಡಗಟ್ಟಲೆ ಬಿಡಿಸಿದಳು. ಹನ್ನೊಂದು ಏಳಾಯಿತು, ಏಳು ಐದಾಯಿತು; ಉಳಿದ ಓಣಿಗಳು ಒಂದರತ್ತ ಇಳಿಯುತ್ತಿದ್ದವು. ಅಷ್ಟರಲ್ಲಿ ಬಾಳವ್ವನಿಗೆ ಚಳಿ ಹಿಡಿಯಿತು. ಬೆಳಿಗ್ಗೆ ಏಳಲಾಗಲಿಲ್ಲ. ಮೂತ್ರದಲ್ಲಿ ರಕ್ತದ ಎಳೆ ಕಂಡಿತು.

ಡಾಕ್ಟರ್ ಹೊಸಮನಿ ಬಂದು ಪಕ್ಕೆ ಒತ್ತಿ ನೋಡಿದರು. ಬಾಳವ್ವ ಹುಬ್ಬು ಗಂಟಿಕ್ಕಿದಳೇ ಹೊರತು ಕೂಗಲಿಲ್ಲ. "ಮ್ಯಾಲೆ ಏರಾಕತ್ತೈತಿ," ಎಂದರು ಡಾಕ್ಟರು. "ನಾಳಿ ತನಕ ಕಾಯಬಹುದು. ಆಮ್ಯಾಲೆ ನಾ ಮಾತು ಕೊಡೂದಿಲ್ಲ."

ನಾಗವೇಣಿ ಅತ್ತೆಯ ಮೂತ್ರದ ಹನಿಯನ್ನು ಗಾಜಿನ ತಟ್ಟೆಯಲ್ಲಿ ಹರವಿ, ನಡುವೆ ಹಳದಿ ಗುಳಿಗೆಯ ಸಾರ ಹೀರಿದ ಒಂದು ಕಾಗದದ ಬಿಲ್ಲೆಯನ್ನು ಇಟ್ಟು, ಬೆಚ್ಚಗಿನ ಪೆಟ್ಟಿಗೆಯೊಳಗೆ ಮುಚ್ಚಿದಳು. ಬ್ಯಾಕ್ಟೀರಿಯಾ ರಾತ್ರಿಯೆಲ್ಲ ಬೆಳೆಯುತ್ತದೆ. ಹೊರೆ ಹೊತ್ತಿದ್ದರೆ ಬಿಲ್ಲೆಯ ಅಂಚಿನ ತನಕ ಹುಲ್ಲಿನಂತೆ ಹಬ್ಬುತ್ತದೆ. ಹೊರೆ ಇಳಿಸಿದ್ದರೆ ಬಿಲ್ಲೆಯಿಂದ ದೂರ ನಿಲ್ಲುತ್ತದೆ. ಇನ್ನು ಮಾಡುವುದು ಏನೂ ಉಳಿದಿರಲಿಲ್ಲ. ಅವಳು ಅತ್ತೆಯ ತಲೆದಿಂಬಿನ ಹತ್ತಿರ ಕೂತು ಪಂಚಾಕ್ಷರಿ ಹೇಳಿದಳು.

ಬೆಳಗಾಯಿತು. ಗಟಾರಮಠದ ಬಾಗಿಲಲ್ಲಿ ಖಾಜಾಸಾಬ ಪರದೆಯತ್ತ ಕೈ ಮಾಡಿ ನಿಂತಿದ್ದ. ಊರೆಲ್ಲ ಕೂಡಿ ನೂರಕ್ಕೆ ಒಂದೂವರೆ. ನಾಗವೇಣಿ ಅದನ್ನು ನೋಡಿಯೂ ನಿಲ್ಲದೆ ಒಳಗೆ ಹೋಗಿ ಬೆಚ್ಚಗಿನ ಪೆಟ್ಟಿಗೆ ತೆರೆದಳು. ಊರು ಗೆದ್ದರೂ ಅತ್ತೆ ಗೆಲ್ಲಬೇಕಲ್ಲ. ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

ಮಳೆಗಾಲದ ರಾತ್ರಿ ಚಂದ್ರನ ಸುತ್ತ ಗುಡಿ ಕಟ್ಟುತ್ತದಲ್ಲ, ದುಂಡಗೆ, ತಿಳಿಯಾಗಿ, ಬಿಲ್ಲೆಯ ಸುತ್ತ ಅಂಥದೇ ಒಂದು ಬಯಲು. ಒಂದೇ ಒಂದು ಬ್ಯಾಕ್ಟೀರಿಯಾದ ಚುಕ್ಕೆಯೂ ಒಳಗೆ ಕಾಲಿಟ್ಟಿರಲಿಲ್ಲ.

ಡಾಕ್ಟರು ದೈವದ ಹಿರಿಯರ ಮುಂದೆ ಗುಳಿಗೆಯ ಪೆಟ್ಟಿಗೆಯ ಮೊಹರು ಒಡೆದರು. ಮೊದಲ ಪಟ್ಟಿ ಬಾಳವ್ವನ ಕೈಗೆ ಬಂತು. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಬಣ್ಣ ಹಳೇದ ಐತಿ," ಅಂದಳು. ಮೊದಲ ಗುಳಿಗೆಯನ್ನು ಕಣ್ಣಿಗೊತ್ತಿಕೊಂಡು, ಪೂರ್ತಿ ಒಂದು ತಂಬಿಗೆ ನೀರು ಕುಡಿದು ನುಂಗಿದಳು.

ನಾಲ್ಕನೆಯದು ನುಂಗುವಷ್ಟರಲ್ಲಿ ಜ್ವರ ಬಿಟ್ಟಿತು. ಬಾಳವ್ವ ಎದ್ದು ಕೂತು ಜೋಳದ ನುಚ್ಚು ಉಂಡಳು, ಮಗ್ಗದ ಕಡೆ ನೋಡಿದಳು. ಫಕೀರವ್ವ ಬಂದು ಹತ್ತಿರ ಕೂತಳು. "ಆರಾಮ ಆತಲ್ಲಬೇ? ಮತ್ಯಾಕ ಉಳದಾವು ನುಂಗ್ತಿ?" ಎಂದು ಕೇಳಿದಳು. ಹಳೆಯ ನಾಲಿಗೆ, ಹಳೆಯ ರೂಢಿ.

ಬಾಗಿಲಲ್ಲಿದ್ದ ನಾಗವೇಣಿ ಒಳಗೆ ಹೆಜ್ಜೆ ಇಟ್ಟಳು. ಆದರೆ ಅವಳು ಬಾಯಿ ತೆರೆಯಬೇಕಾಗಲಿಲ್ಲ.

"ಅವತ್ತು ಉಳಿಸಿದ್ದಕ್ಕ ಹನ್ನೆರಡು ವರ್ಷ ತೆತ್ತೀವಿ," ಅಂದಳು ಬಾಳವ್ವ. "ನೀ ಒಂದು ತಂಬಿಗಿ ಮಜ್ಜಿಗಿ ತಂದುಕೊಡು. ಗುಳಗಿ ಕೇಳಬ್ಯಾಡ."

ಡಾಕ್ಟರು ಹೇಳಿದ ಕೊನೆಯ ಗುಳಿಗೆಯ ತನಕ ಅವಳು ಒಂದು ಹೊತ್ತೂ ತಪ್ಪಿಸಲಿಲ್ಲ. ಮುಗಿದ ದಿನ ಬೆಳಿಗ್ಗೆ ನಾಗವೇಣಿ ದೀಪ ಹಚ್ಚಲು ಹೋದಾಗ ಜಗಲಿಯ ಮೇಲೆ ಹೊಸ ಅರಿಷಿಣದ ಅರಿವೆಯದೊಂದು ಗಂಟು ಕಂಡಿತು. ಬಿಚ್ಚಿ ನೋಡಿದಳು. ಒಳಗೆ ಪಟ್ಟಿ ಇತ್ತು. ಪಟ್ಟಿಯ ಎಲ್ಲ ಮನೆಗಳೂ ಒಡೆದಿದ್ದವು. ಒಂದೂ ಉಳಿದಿರಲಿಲ್ಲ.

ಅವಳು ಅದನ್ನು ಇದ್ದ ಹಾಗೇ ಕಟ್ಟಿ, ಇದ್ದಲ್ಲೇ ಇಟ್ಟು, ದೀಪ ಹಚ್ಚಿದಳು. ಮಠದ ಗಂಟೆ ಬಾರಿಸಿತು. ಮಗ್ಗದ ಕೋಣೆಯಲ್ಲಿ ಲಾಳಿಯ ಸದ್ದು ನಿಂತು, ತಂಬಿಗೆ ಎತ್ತಿದ ಸದ್ದು ಕೇಳಿಸಿತು.